ಕದ ಮುಚ್ಚಿ ಬದುಕುವ ಜೇಡ

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮಲೆನಾಡಿನ ಯಾವುದೇ ಊರಿಗೆ ಹೋಗುವ ದಾರಿಯ ಪಕ್ಕದಲ್ಲಿ ಒಂದು ಧರೆ ಇದ್ದೇ ಇರುತ್ತದೆ. ಗುಡ್ಡವನ್ನು ಕಡಿದು ದಾರಿ ಮಾಡಿದಾಗ ಉಳಿದ ಮಣ್ಣಿನ ಗೋಡೆ ಅದು. ಅದರ ಮೈಮೇಲೆ ಹಾವಸೆ ಬೆಳೆದಿರುತ್ತದೆ. ಸಂದುಗಳಲ್ಲಿ ಜರಿಗಿಡಗಳು ತೂಗಾಡುತ್ತಿರುತ್ತವೆ. ಮೇಲಿನ ಮರದ ಬೇರುಗಳು ಹೊರಗೆ ಚಾಚಿಕೊಂಡಿರುತ್ತವೆ. ಶಾಲೆಗೆ ಹೋಗುವ ಮಕ್ಕಳು, ಸೊಪ್ಪಿನ ಹೊರೆ ಹೊತ್ತವರು, ಡೇರಿಗೆ ಹಾಲು ಒಯ್ಯುವವರು ದಿನವೂ ಅದರ ಮಗ್ಗುಲಲ್ಲೇ ಹಾದುಹೋಗುತ್ತಾರೆ. ಆ ಧರೆಯಲ್ಲಿ ನಾಣ್ಯದಷ್ಟು ಅಗಲದ ಒಂದು ಬಾಗಿಲು ಇರಬಹುದು. ಆ ಬಾಗಿಲಿನ ಹಿಂದೆ ಒಂದು ಜೀವ ತನ್ನ ಇಡೀ ಆಯುಷ್ಯವನ್ನು ಒಂದೇ ಕೋಣೆಯಲ್ಲಿ ಕಳೆಯುತ್ತಿರಬಹುದು. ಮೂವತ್ತು ವರ್ಷ ಅದೇ ದಾರಿಯಲ್ಲಿ ನಡೆದವರಿಗೂ ಅದು ಕಂಡಿರಲಾರದು. ಏಕೆಂದರೆ ಆ ಬಾಗಿಲು ಮುಚ್ಚಿದಾಗ ಅದಕ್ಕೂ ಸುತ್ತಲಿನ ಮಣ್ಣಿಗೂ ಯಾವ ವ್ಯತ್ಯಾಸವೂ ಉಳಿಯುವುದಿಲ್ಲ.

ಇಂದಿನ ಮಾತು ಈ ಬಾಗಿಲು ಜೇಡವನ್ನು ಕುರಿತದ್ದು. ಹುಲಿ, ಆನೆ, ಸಿಂಗಳೀಕ, ಮಂಗಟ್ಟೆಗಳ ವಿಷಯವಾಗಿ ಸಭೆಗಳು ನಡೆಯುತ್ತವೆ, ಮೆರವಣಿಗೆಗಳು ಹೊರಡುತ್ತವೆ. ಜೇಡಕ್ಕಾಗಿ ಯಾರೂ ಮೆರವಣಿಗೆ ಹೊರಟದ್ದಿಲ್ಲ. ಆದರೆ ಒಂದು ಧರೆಯನ್ನು ಕೆರೆದು ಹಾಕುವ ಮುನ್ನ ಅದರೊಳಗೆ ಏನಿದೆ ಎಂದು ಕೇಳುವ ಅಭ್ಯಾಸ ಬೆಳೆಯಬೇಕಾದರೆ, ಈ ಜೇಡಕ್ಕಿಂತ ಒಳ್ಳೆಯ ಗುರು ಸಿಗುವುದು ಕಷ್ಟ.

ಜೊಯಿಡಾದ ಹೆಸರು ಹೊತ್ತ ಜೇಡ

ಉತ್ತರ ಕನ್ನಡ ಜಿಲ್ಲೆಯ ಜೊಯಿಡಾ ತಾಲ್ಲೂಕು ಕಾಡು, ಕಣಿವೆ, ಕುಂಬ್ರಿ ಮರಾಠಿಗರು, ಕುಣಬಿಗಳು, ಗೌಳಿಗಳು ಇರುವ ನಾಡು. ಹಿಂದೆ ಈ ತಾಲ್ಲೂಕಿನ ಹೆಸರು ಸೂಪಾ ಎಂದಿತ್ತು. ಕಾಳಿ ನದಿಗೆ ಕಟ್ಟಿದ ಅಣೆಕಟ್ಟಿನ ನೀರಿನಲ್ಲಿ ಹಳೆಯ ಸೂಪಾ ಪಟ್ಟಣ ಮುಳುಗಿತು. ತಾಲ್ಲೂಕಿನ ಕೇಂದ್ರ ಜೊಯಿಡಾಕ್ಕೆ ಬಂತು. ಹೀಗೆ ಒಂದು ಊರು ನೀರಿನಡಿ ಹೋದ ತಾಲ್ಲೂಕಿನ ಇನ್ನೊಂದು ಊರಿನ ಹೆಸರು, 2013ರಲ್ಲಿ, ಒಂದು ಜೇಡದ ಮೂಲಕ ಲೋಕದ ಜೀವಿಗಳ ಪಟ್ಟಿಯನ್ನು ಸೇರಿತು. ಗುಪ್ತಾ, ದಾಸ್ ಮತ್ತು ಸಿಲಿವಾಲ್ ಎಂಬ ಮೂವರು ಸಂಶೋಧಕರು ಕರ್ನಾಟಕದ ಪಶ್ಚಿಮಘಟ್ಟದ ಒಂದು ಬಾಗಿಲು ಜೇಡವನ್ನು ವಿಜ್ಞಾನಕ್ಕೆ ಹೊಸದೆಂದು ವಿವರಿಸಿ, ಅದಕ್ಕೆ ಇಡಿಯೋಪ್ಸ್ ಜೊಯಿಡಾ ಎಂದು ನಾಮಕರಣ ಮಾಡಿದರು.

ಇಡಿಯೋಪ್ಸ್ ಎಂಬುದು ಕುಲದ ಹೆಸರು. ಈ ಕುಲವನ್ನು 1833ರಲ್ಲಿಯೇ ಪರ್ಟಿ ಎಂಬ ವಿಜ್ಞಾನಿ ಸ್ಥಾಪಿಸಿದ್ದನು. ಭಾರತದ ಜೇಡಗಳನ್ನು ಕುರಿತು ಪೊಕಾಕ್ ಎಂಬಾತ ಬರೆದ ದೊಡ್ಡ ಗ್ರಂಥ 1900ರಲ್ಲಿ ಪ್ರಕಟವಾಯಿತು. 1915ರಲ್ಲಿ ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಂನ ಗ್ರೇವ್ಲಿ ಈ ಗುಂಪಿನ ಇನ್ನಷ್ಟು ಜೇಡಗಳನ್ನು ವಿವರಿಸಿದನು. 2005ರಲ್ಲಿ ಮುಂಬಯಿ ನಗರದ ಹೆಸರಿನ ಇಡಿಯೋಪ್ಸ್ ಬಾಂಬೆಯೆನ್ಸಿಸ್ ಬೆಳಕಿಗೆ ಬಂತು. ಅಂದರೆ ನೂರಕ್ಕೂ ಹೆಚ್ಚು ವರ್ಷಗಳಿಂದ ಪಂಡಿತರು ಹುಡುಕುತ್ತಿದ್ದರೂ, ಜೊಯಿಡಾದ ಮಣ್ಣಿನಲ್ಲಿದ್ದ ಈ ಜೇಡ 2013ರವರೆಗೆ ಯಾವ ಪುಸ್ತಕಕ್ಕೂ ಸಿಕ್ಕಿರಲಿಲ್ಲ. ಲೋಕದಲ್ಲಿ ಹೆಸರು ಪಡೆದ ಜೇಡಗಳ ಸಂಖ್ಯೆ 2022ರಲ್ಲಿ 50,000 ದಾಟಿತು. ಆ ಪಟ್ಟಿಯಲ್ಲಿ ಒಂದು ಸಾಲು ಜೊಯಿಡಾಕ್ಕೆ ಸೇರಿದ್ದು.

ಹೆಸರಿಡುವುದು ತಿಳಿವಳಿಕೆಯ ಮೊದಲ ಮೆಟ್ಟಿಲು ಮಾತ್ರ. ಒಂದು ಜೇಡ ಎಷ್ಟು ವರ್ಷ ಬದುಕುತ್ತದೆ, ಯಾವ ಧರೆಯಲ್ಲಿ ಎಷ್ಟಿವೆ, ಯಾವ ತಿಂಗಳು ಮರಿಗಳು ಹೊರಬರುತ್ತವೆ ಎಂಬುದನ್ನು ತಿಳಿಯಲು ವರ್ಷಾನುಗಟ್ಟಲೆ ಅದೇ ಜಾಗಕ್ಕೆ ಹೋಗಿ ನೋಡುವವರು ಬೇಕು. ಆ ಕೆಲಸಕ್ಕೆ ದೂರದ ಪ್ರಯೋಗಾಲಯದವರಿಗಿಂತ ಊರಿನವರೇ ಸಮರ್ಥರು. ಈ ಮಾತಿಗೆ ಮುಂದೆ ಮರಳಿ ಬರಬೇಕಾಗಿದೆ.

ಜೇಡಗಳ ಹಳೆಯ ಮನೆತನ

ಮನೆಯ ಮೂಲೆಯಲ್ಲಿ ಬಲೆ ಕಟ್ಟುವ ಜೇಡವನ್ನು ಎಲ್ಲರೂ ಬಲ್ಲರು. ಬಾಗಿಲು ಜೇಡ ಅದರ ದಾಯಾದಿಯಾದರೂ ಬೇರೆ ಶಾಖೆಯದು. ಬಲೆ ಕಟ್ಟುವ ಜೇಡಗಳ ವಿಷದ ಹಲ್ಲುಗಳು ಇಕ್ಕುಳದಂತೆ ಎದುರುಬದುರಾಗಿ ಕೂಡುತ್ತವೆ. ಬಾಗಿಲು ಜೇಡದ ಹಲ್ಲುಗಳು ಅಕ್ಕಪಕ್ಕದಲ್ಲಿದ್ದು, ಎರಡು ಗುದ್ದಲಿಗಳಂತೆ ಮೇಲಿನಿಂದ ಕೆಳಕ್ಕೆ ಇಳಿಯುತ್ತವೆ. ಉಸಿರಾಟಕ್ಕೆ ಪುಸ್ತಕದ ಹಾಳೆಗಳಂತೆ ಪದರ ಪದರವಾಗಿರುವ ಶ್ವಾಸಕೋಶಗಳು ಎರಡು ಜೊತೆ ಇರುತ್ತವೆ. ಕಾಡಿನಲ್ಲಿ ಕಾಣುವ ದಪ್ಪನೆಯ, ರೋಮವುಳ್ಳ ಟರಾಂಟುಲಾ ಜೇಡಗಳು ಕೂಡ ಇದೇ ಶಾಖೆಗೆ ಸೇರಿದವು. ಫ್ರಾನ್ಸ್ ದೇಶದಲ್ಲಿ ದೊರೆತ ಈ ಶಾಖೆಯ ಪಳೆಯುಳಿಕೆ ಸುಮಾರು 24 ಕೋಟಿ ವರ್ಷ ಹಳೆಯದು. ಅಂದರೆ ಹೂ ಬಿಡುವ ಗಿಡಗಳು ಭೂಮಿಯನ್ನು ಆವರಿಸುವುದಕ್ಕೆ ಬಹಳ ಮೊದಲೇ ಈ ಮನೆತನ ಮಣ್ಣಿನಲ್ಲಿ ನೆಲೆಯೂರಿತ್ತು.

ಇಡಿಯೋಪ್ಸ್ ಸೇರಿರುವ ಕುಟುಂಬದ ಜೇಡಗಳು ದಕ್ಷಿಣ ಅಮೆರಿಕ, ಆಫ್ರಿಕ, ಭಾರತ, ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳಲ್ಲಿ ಇವೆ. ಇವೆಲ್ಲವೂ ಒಂದು ಕಾಲದಲ್ಲಿ ಗೊಂಡ್ವಾನಾ ಎಂಬ ಒಂದೇ ಭೂಖಂಡದ ಭಾಗಗಳಾಗಿದ್ದವು ಎಂಬುದನ್ನು ವಿದ್ಯಾರ್ಥಿಗಳು ಭೂಗೋಳದ ಪಾಠದಲ್ಲಿ ಓದಿರುತ್ತೀರಿ. ಆ ಪಾಠದ ಒಂದು ಜೀವಂತ ಪುಟ ಊರ ದಾರಿಯ ಧರೆಯಲ್ಲಿದೆ.

ಬಿಲವೂ ಕದವೂ

ಈ ಜೇಡದ ಬಾಯಿಯ ಮುಂಭಾಗದಲ್ಲಿ, ವಿಷದ ಹಲ್ಲುಗಳ ಬುಡದಲ್ಲಿ, ಗಟ್ಟಿಯಾದ ಮುಳ್ಳುಗಳ ಒಂದು ಸಾಲು ಇರುತ್ತದೆ. ಅದೇ ಅದರ ಹಾರೆ. ಅದರಿಂದ ಮಣ್ಣನ್ನು ಕೆರೆದು, ಉಂಡೆ ಮಾಡಿ ಹೊರಗೆ ಹಾಕುತ್ತದೆ. ಬಿಲ ತೋಡಿದ ಮೇಲೆ ಅದರ ಗೋಡೆಗೆ ರೇಷ್ಮೆಯ ಲೇಪನ ಮಾಡುತ್ತದೆ. ಸುಣ್ಣ ಬಳಿದ ಮನೆಯಂತೆ ಬಿಲದ ಒಳಮೈ ನುಣುಪಾಗುತ್ತದೆ. ಮಣ್ಣು ಉದುರುವುದಿಲ್ಲ. ಹೊರಗೆ ಏಪ್ರಿಲ್ ತಿಂಗಳ ಬಿಸಿಲು ಸುಡುತ್ತಿದ್ದರೂ ಒಳಗೆ ತಂಪು ಇರುತ್ತದೆ, ತೇವ ಉಳಿಯುತ್ತದೆ.

ಕೊನೆಯಲ್ಲಿ ಕದ. ಮಣ್ಣನ್ನು ರೇಷ್ಮೆಯ ನೂಲಿನಿಂದ ಬೆಸೆದು ಒಂದು ಮುಚ್ಚಳ ಮಾಡಿ, ಅದರ ಒಂದು ಬದಿಯನ್ನು ಮಾತ್ರ ಬಿಲದ ಅಂಚಿಗೆ ರೇಷ್ಮೆಯಿಂದಲೇ ಹೊಲಿಯುತ್ತದೆ. ಅದೇ ಅದರ ಬಿಜಾಗರಿ. ಕೆಲವು ಜಾತಿಗಳ ಕದ ಬಾಟಲಿಯ ಬಿರಡೆಯಂತೆ ದಪ್ಪನಾಗಿದ್ದು ಬಿಲದ ಬಾಯಿಗೆ ಬಿಗಿಯಾಗಿ ಕೂರುತ್ತದೆ. ಇನ್ನು ಕೆಲವುಗಳದ್ದು ಹಪ್ಪಳದಂತೆ ತೆಳ್ಳಗಿರುತ್ತದೆ. ಕದದ ಹೊರಮೈಗೆ ಸುತ್ತಲಿನ ಮಣ್ಣು, ಹಾವಸೆ, ಒಣ ಎಲೆಯ ಚೂರುಗಳು ಅಂಟಿರುತ್ತವೆ. ಒಳಮೈ ಮಾತ್ರ ಬೆಳ್ಳಗೆ, ನಯವಾಗಿರುತ್ತದೆ. ಅಪಾಯ ಬಂದಾಗ ಜೇಡ ಈ ಒಳಮೈಗೆ ಹಲ್ಲುಗಳನ್ನು ಊರಿ, ಕಾಲುಗಳನ್ನು ಬಿಲದ ಗೋಡೆಗೆ ಒತ್ತಿ, ಕದವನ್ನು ಒಳಗಿನಿಂದ ಎಳೆದು ಹಿಡಿಯುತ್ತದೆ. ಹೊರಗಿನಿಂದ ಕಡ್ಡಿ ಹಾಕಿ ಎತ್ತಲು ನೋಡಿದವರಿಗೆ ಒಳಗೆ ಯಾರೋ ಅಗುಳಿ ಹಾಕಿದ ಹಾಗೆ ತೋರುತ್ತದೆ.

ಈ ಕದಗಳನ್ನು ಮೊದಲು ಶ್ರದ್ಧೆಯಿಂದ ಅಭ್ಯಾಸ ಮಾಡಿದವರಲ್ಲಿ ಜಾನ್ ಟ್ರೆಹರ್ನ್ ಮಾಗ್ರಿಜ್ ಎಂಬ ಇಂಗ್ಲಿಷ್ ತರುಣ ಒಬ್ಬನು. ಕ್ಷಯರೋಗದಿಂದ ಬಳಲುತ್ತಿದ್ದ ಆತ ಚಳಿಗಾಲಗಳನ್ನು ದಕ್ಷಿಣ ಫ್ರಾನ್ಸಿನ ಮಾಂತೋನ್ ಎಂಬ ಊರಿನಲ್ಲಿ ಕಳೆಯುತ್ತಿದ್ದನು. ಅಲ್ಲಿಯ ತೋಟಗಳ ಮಣ್ಣಿನ ಕಟ್ಟೆಗಳಲ್ಲಿದ್ದ ಜೇಡಗಳನ್ನೂ ಇರುವೆಗಳನ್ನೂ ನೋಡಿ 1873ರಲ್ಲಿ ಒಂದು ಪುಸ್ತಕ ಬರೆದನು. ಮರುವರ್ಷವೇ, ಮೂವತ್ತೆರಡರ ವಯಸ್ಸಿನಲ್ಲಿ, ತೀರಿಕೊಂಡನು. ಆತ ಮಾಡಿದ ಒಂದು ಪ್ರಯೋಗ ಸ್ವಾರಸ್ಯವಾಗಿದೆ. ಹಾವಸೆಯ ನಡುವೆ ಇದ್ದ ಒಂದು ಕದವನ್ನು ತೆಗೆದು, ಸುತ್ತಲಿನ ಹಾವಸೆಯನ್ನೆಲ್ಲ ಕೆರೆದು ಬರಿಯ ಮಣ್ಣು ಉಳಿಸಿದನು. ಜೇಡ ಹೊಸ ಕದ ಮಾಡಿತು. ಆದರೆ ದೂರದಿಂದ ಹಾವಸೆಯನ್ನು ತಂದು ಅದರ ಮೇಲೆ ಅಂಟಿಸಿತು. ಬರಿಮಣ್ಣಿನ ನಡುವೆ ಹಸಿರು ಚುಕ್ಕೆಯಾಗಿ ಆ ಕದ ಎದ್ದು ಕಾಣತೊಡಗಿತು.

ಇದನ್ನು ಕೇಳಿ ನಗುವುದು ಸುಲಭ. ಆದರೆ ಇದರಲ್ಲಿ ಒಂದು ಗಂಭೀರವಾದ ಪಾಠವಿದೆ. ಹಾವಸೆ ಇರುವ ಧರೆಯಲ್ಲಿ ಬದುಕಲು ಕಲಿತ ಜೀವಿಗೆ, ಧರೆಯೇ ಬದಲಾದಾಗ, ತನ್ನ ಹಳೆಯ ಜಾಣತನವೇ ಮೃತ್ಯುವಾಗುತ್ತದೆ. ಕೋಟ್ಯಂತರ ವರ್ಷಗಳಲ್ಲಿ ರೂಢಿಯಾದ ಬದುಕು ಒಂದು ಮಧ್ಯಾಹ್ನದಲ್ಲಿ ಆದ ಬದಲಾವಣೆಗೆ ಹೊಂದಿಕೊಳ್ಳಲಾರದು.

ಬೇಟೆ, ಸಂಸಾರ, ಶತ್ರು

ಬಾಗಿಲು ಜೇಡ ಇರುಳಿನ ಜೀವಿ. ಕತ್ತಲಾದ ಮೇಲೆ ಕದವನ್ನು ಒಂದು ಕೂದಲೆಳೆಯಷ್ಟು ಎತ್ತಿ, ಮುಂಗಾಲುಗಳ ತುದಿಯನ್ನು ಹೊಸ್ತಿಲಿಗೆ ತಾಗಿಸಿ ಕುಳಿತುಕೊಳ್ಳುತ್ತದೆ. ಅದಕ್ಕೆ ಎಂಟು ಕಣ್ಣುಗಳಿದ್ದರೂ ಅದು ಮುಖ್ಯವಾಗಿ ನೆಚ್ಚಿರುವುದು ಮಣ್ಣಿನಲ್ಲಿ ಹರಿದುಬರುವ ಕಂಪನವನ್ನು. ಇರುವೆ, ಗೆದ್ದಲು, ದುಂಬಿ, ಮಿಡತೆ ಯಾವುದಾದರೂ ಹತ್ತಿರ ಬಂದರೆ ಕದ ತೆರೆದು, ಮೈಯ ಮುಂಭಾಗವನ್ನಷ್ಟೇ ಹೊರಚಾಚಿ, ಹಿಡಿದು ಒಳಗೆ ಎಳೆಯುತ್ತದೆ. ಕದ ಮುಚ್ಚುತ್ತದೆ. ಇಷ್ಟೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ನಡೆದುಹೋಗುತ್ತದೆ. ಬೇಟೆ ಬರದಿದ್ದರೆ ಕಾಯುತ್ತದೆ. ಅಲೆದಾಟವಿಲ್ಲದ ಬದುಕಾದ್ದರಿಂದ ಅದಕ್ಕೆ ಬೇಕಾಗುವ ಆಹಾರವೂ ಕಡಿಮೆ.

ಹೆಣ್ಣು ತಾನು ತೋಡಿದ ಬಿಲವನ್ನು ಬಿಟ್ಟು ಹೋಗುವುದು ಅಪರೂಪ. ಬೆಳೆದಂತೆಲ್ಲ ಅದೇ ಬಿಲವನ್ನು ಅಗಲ ಮಾಡಿಕೊಳ್ಳುತ್ತದೆ, ಅದೇ ಕದಕ್ಕೆ ಅಂಚು ಕೂಡಿಸುತ್ತದೆ. ಗಂಡಿನ ಬದುಕು ಬೇರೆ. ಹಲವು ವರ್ಷ ತನ್ನ ಬಿಲದಲ್ಲಿದ್ದು, ಪ್ರಾಯಕ್ಕೆ ಬಂದಾಗ ಅದನ್ನು ಬಿಟ್ಟು ಹೆಣ್ಣನ್ನು ಹುಡುಕಿಕೊಂಡು ಹೊರಡುತ್ತದೆ. ಹಲವು ಜಾತಿಗಳಲ್ಲಿ ಈ ಯಾತ್ರೆ ಮಳೆ ಬಿದ್ದು ನೆಲ ತೊಯ್ದ ಸಮಯದಲ್ಲಿ ನಡೆಯುತ್ತದೆ. ಮಳೆಗಾಲದ ರಾತ್ರಿ ದೀಪದ ಬೆಳಕಿಗೆ ಜಗುಲಿಯ ಮೇಲೆ ಅಪರಿಚಿತವಾದ ಕಪ್ಪು ಜೇಡವೊಂದು ಬಂದರೆ, ಅದು ಹೀಗೆ ಹೊರಟ ಗಂಡು ಇರಬಹುದು. ಅದು ಮತ್ತೆ ಬಿಲಕ್ಕೆ ಮರಳುವುದಿಲ್ಲ. ಸ್ವಲ್ಪ ಕಾಲದಲ್ಲೇ ಅದರ ಆಯುಷ್ಯ ಮುಗಿಯುತ್ತದೆ.

ಮೊಟ್ಟೆಗಳು ತಾಯಿಯ ಬಿಲದಲ್ಲೇ ಒಡೆಯುತ್ತವೆ. ಮರಿಗಳು ಕೆಲಕಾಲ ತಾಯಿಯ ಜೊತೆಗಿದ್ದು ಹೊರಬರುತ್ತವೆ. ಹೊಲದ ಜೇಡಗಳ ಮರಿಗಳು ರೇಷ್ಮೆಯ ಎಳೆಯನ್ನು ಗಾಳಿಗೆ ಬಿಟ್ಟು ಹಾರಿ ದೂರ ದೂರ ಹೋಗುವುದುಂಟು. ಬಾಗಿಲು ಜೇಡಗಳಲ್ಲಿ ಹೆಚ್ಚಿನವುಗಳ ಮರಿಗಳು ಹೀಗೆ ಹಾರುವುದಿಲ್ಲ. ನಡೆದುಕೊಂಡು ಹೋಗಿ, ತಾಯಿಯ ಬಿಲದ ಆಸುಪಾಸಿನಲ್ಲಿಯೇ ಪುಟ್ಟ ಪುಟ್ಟ ಬಿಲ ತೋಡಿ, ಗುಂಡುಸೂಜಿಯ ತಲೆಯಷ್ಟು ಕದ ಕಟ್ಟಿಕೊಳ್ಳುತ್ತವೆ. ಆದುದರಿಂದಲೇ ಇವು ಒಂದು ಧರೆಯಲ್ಲಿ ಗುಂಪಾಗಿ ಇರುತ್ತವೆ, ಪಕ್ಕದ ಧರೆಯಲ್ಲಿ ಒಂದೂ ಇರುವುದಿಲ್ಲ. ಒಂದು ಧರೆ ಎಂದರೆ ಒಂದು ಊರು. ಆ ಊರು ಹೋದರೆ ಇನ್ನೊಂದು ಊರಿನಿಂದ ಬಂದು ನೆಲೆಸುವವರಿಲ್ಲ.

ಇಷ್ಟು ಭದ್ರವಾದ ಮನೆಗೂ ಶತ್ರುಗಳಿದ್ದಾರೆ. ಚೇಳು, ಜರಿ, ಹಕ್ಕಿಗಳು ಸರಿಯೇ. ಎಲ್ಲಕ್ಕಿಂತ ಭಯಂಕರವಾದುದು ಜೇಡವನ್ನೇ ಅರಸುವ ಕಣಜ. ಅದು ಬಿಲಕ್ಕೆ ನುಗ್ಗಿ, ಜೇಡವನ್ನು ಕುಟುಕಿ, ಸಾಯದಂತೆ ಆದರೆ ಅಲುಗದಂತೆ ಮಾಡಿ, ಅದರ ಮೈಮೇಲೆ ಮೊಟ್ಟೆ ಇಡುತ್ತದೆ. ಹುಟ್ಟಿದ ಮರಿಹುಳುವಿಗೆ ಆ ಜೇಡವೇ ಆಹಾರ. ಇದು ನಿಸರ್ಗದ ಲೆಕ್ಕ. ಈ ಲೆಕ್ಕದಲ್ಲಿ ಜೇಡವೂ ಉಳಿದಿದೆ, ಕಣಜವೂ ಉಳಿದಿದೆ.

ಮನುಷ್ಯರಿಗೆ ಇದರಿಂದ ಭಯವೇನು ಎಂಬ ಪ್ರಶ್ನೆ ತಾಯಂದಿರಲ್ಲಿ ಬಂದಿರಬಹುದು. ಬಾಗಿಲು ಜೇಡ ಮನುಷ್ಯರನ್ನು ಅಟ್ಟಿಬರುವ ಜೀವಿಯಲ್ಲ. ಹೆಜ್ಜೆಯ ಸದ್ದಾದ ಕೂಡಲೇ ಕದ ಹಾಕಿಕೊಳ್ಳುವುದೇ ಅದರ ಸ್ವಭಾವ. ಆದರೂ ಅದನ್ನು ಕೈಯಲ್ಲಿ ಹಿಡಿಯುವುದು, ಬಿಲಕ್ಕೆ ಬೆರಳು ಹಾಕುವುದು ಸಲ್ಲದು. ಅದರ ಹಲ್ಲುಗಳು ಬಲವಾದವು. ಅದಕ್ಕೂ ಹಿತವಲ್ಲ, ಹಿಡಿದವರಿಗೂ ಹಿತವಲ್ಲ.

ಹದಿನಾರನೆಯ ಜೇಡ

ಇನ್ನು ಒಂದು ನಿಜವಾದ ಕಥೆ. ಇದು ನಡೆದದ್ದು ಪಶ್ಚಿಮ ಆಸ್ಟ್ರೇಲಿಯದಲ್ಲಿ. ಪರ್ತ್ ನಗರದ ಪೂರ್ವಕ್ಕೆ ಗೋಧಿ ಬೆಳೆಯುವ ವಿಶಾಲವಾದ ಸೀಮೆಯಿದೆ. ಆ ಸೀಮೆಯ ಹಳೆಯ ಕುರುಚಲು ಕಾಡನ್ನು ಕಳೆದ ಶತಮಾನದಲ್ಲಿ ಬಹುಪಾಲು ಕಡಿದು ಹೊಲ ಮಾಡಲಾಯಿತು. ಅಲ್ಲಲ್ಲಿ ತುಣುಕುಗಳಷ್ಟೇ ಉಳಿದವು. ಟ್ಯಾಮಿನ್ ಎಂಬ ಪುಟ್ಟ ಊರಿನ ಬಳಿಯ ನಾರ್ತ್ ಬಂಗುಲ್ಲಾ ಎಂಬ ರಕ್ಷಿತ ಪ್ರದೇಶ ಅಂಥ ಒಂದು ತುಣುಕು.

ಬಾರ್ಬರಾ ಯಾರ್ಕ್ ಮೇನ್ ಎಂಬ ವಿಜ್ಞಾನಿ ಅದೇ ಗೋಧಿ ಸೀಮೆಯ ಕೃಷಿಕರ ಮನೆಯಲ್ಲಿ ಬೆಳೆದವರು. ಹುಟ್ಟಿದ್ದು 1929ರಲ್ಲಿ. 1974ರಲ್ಲಿ ಅವರು ಆ ಕಾಡಿನ ತುಣುಕಿನಲ್ಲಿ ಬಾಗಿಲು ಜೇಡಗಳ ಬಿಲಗಳ ಪಕ್ಕದಲ್ಲಿ ಸಂಖ್ಯೆ ಬರೆದ ಗೂಟಗಳನ್ನು ನೆಡತೊಡಗಿದರು. ಜೇಡದ ಜಾತಿ ಗಾಯಸ್ ವಿಲ್ಲೋಸಸ್. ಜೊಯಿಡಾದ ಜೇಡ ಯಾವ ಕುಟುಂಬಕ್ಕೆ ಸೇರಿದೆಯೋ ಅದೇ ಕುಟುಂಬದ್ದು. ಬಿಲದ ಬಾಯಿಯ ಸುತ್ತ ಒಣಕಡ್ಡಿಗಳನ್ನು ಬೀಸಣಿಗೆಯಂತೆ ಹರಡಿ, ಅವುಗಳ ಮೂಲಕ ಇರುವೆಗಳ ನಡಿಗೆಯನ್ನು ಅರಿಯುವುದು ಅದರ ಕ್ರಮ. ಹೀಗೆ ನೆಟ್ಟ ಗೂಟಗಳಲ್ಲಿ ಹದಿನಾರನೆಯದು ಒಂದು ಹೆಣ್ಣುಮರಿಯ ಬಿಲದ್ದು.

ಬಾರ್ಬರಾ ವರ್ಷ ವರ್ಷವೂ ಅಲ್ಲಿಗೆ ಹೋದರು. ಮಂಡಿಯೂರಿ ಕುಳಿತು ಒಂದೊಂದೇ ಕದವನ್ನು ಮೆಲ್ಲನೆ ಎತ್ತಿ, ಒಳಗಿದೆಯೇ ಎಂದು ನೋಡಿ, ಬರೆದುಕೊಂಡರು. ವರ್ಷಗಳು ಕಳೆದಂತೆ ನೂರೈವತ್ತಕ್ಕೂ ಹೆಚ್ಚು ಬಿಲಗಳ ಲೆಕ್ಕ ಸೇರಿತು. ಮೊದಲ ಹದಿನೈದು ಗೂಟಗಳ ಜೇಡಗಳು ಒಂದೊಂದಾಗಿ ಇಲ್ಲವಾದವು. ಹದಿನಾರನೆಯದು ಉಳಿಯಿತು. ಆ ಜಾತಿಯ ಹೆಣ್ಣು ಬಿಲ ಕೆಟ್ಟರೆ ದುರಸ್ತಿ ಮಾಡಿಕೊಳ್ಳುತ್ತದೆಯೇ ವಿನಾ ಬೇರೆ ಕಡೆ ಹೋಗುವುದಿಲ್ಲ. ಇನ್ನೊಂದು ಜೇಡ ಬಿಟ್ಟ ಬಿಲದಲ್ಲಿ ಬಂದು ಸೇರುವುದೂ ಇಲ್ಲ. ಆದ್ದರಿಂದ ಆ ಗೂಟದ ಬಳಿ ಪ್ರತಿವರ್ಷ ಕಂಡದ್ದು ಅದೇ ಜೇಡ ಎಂಬುದರಲ್ಲಿ ಸಂಶಯವಿರಲಿಲ್ಲ.

ನಲವತ್ತೈದರ ಪ್ರಾಯದಲ್ಲಿ ಗೂಟ ನೆಟ್ಟ ಬಾರ್ಬರಾ ಎಂಬತ್ತನ್ನು ದಾಟಿದರು. ಕೆಲಸವನ್ನು ಲಿಯಾಂಡಾ ಮೇಸನ್ ಎಂಬ ಕಿರಿಯ ಸಂಶೋಧಕಿ ಮುಂದುವರಿಸಿದರು. 2016ರ ಅಕ್ಟೋಬರ್ 31ರಂದು ಲಿಯಾಂಡಾ ಹದಿನಾರನೆಯ ಗೂಟದ ಬಳಿಗೆ ಹೋದಾಗ ಕದದಲ್ಲಿ ಒಂದು ತೂತು ಕಂಡಿತು. ಕಣಜ ಕದವನ್ನು ಕೊರೆದು ಒಳಹೊಕ್ಕಿತ್ತು. ಬಿಲ ಬರಿದಾಗಿತ್ತು. ಆ ಜೇಡಕ್ಕೆ ಆಗ 43 ವರ್ಷ. ಅದಕ್ಕೆ ಮೊದಲು ಅತಿ ದೀರ್ಘಾಯುಷಿ ಎನಿಸಿದ್ದುದು ಮೆಕ್ಸಿಕೋದ ಒಂದು ಟರಾಂಟುಲಾ. ಅದರ ವಯಸ್ಸು 28. ಈ ಸಂಗತಿ 2018ರಲ್ಲಿ ಪ್ರಕಟವಾಗಿ ಲೋಕದ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ಮರುವರ್ಷ, 2019ರ ಮೇ ತಿಂಗಳಿನಲ್ಲಿ, ಬಾರ್ಬರಾ ಅವರೂ ತೀರಿಕೊಂಡರು.

ಈ ಕಥೆಯಲ್ಲಿ ಗಮನಿಸಬೇಕಾದ ವಿಷಯಗಳು ಎರಡು. ಮೊದಲನೆಯದು, ಜೇಡವೊಂದು ನಾಲ್ಕು ದಶಕ ಬದುಕಬಲ್ಲದು ಎಂಬುದು. 1974ರಲ್ಲಿ ಹುಟ್ಟಿದ ಮಗು ಬೆಳೆದು, ಓದಿ, ಮದುವೆಯಾಗಿ, ತನ್ನ ಮಕ್ಕಳನ್ನು ಕಾಲೇಜಿಗೆ ಕಳುಹಿಸುವಷ್ಟು ಕಾಲ ಆ ಜೇಡ ಒಂದೇ ಬಿಲದಲ್ಲಿತ್ತು. ಎರಡನೆಯದು, ಇದು ತಿಳಿದದ್ದು ಯಾವ ದೊಡ್ಡ ಯಂತ್ರದಿಂದಲೂ ಅಲ್ಲ ಎಂಬುದು. ಬೇಕಾದದ್ದು ಗೂಟ, ಪುಸ್ತಕ, ಪೆನ್ಸಿಲ್ಲು ಮತ್ತು ಮತ್ತೆ ಮತ್ತೆ ಹೋಗಿ ನೋಡುವ ಮನಸ್ಸು. ಜೊತೆಗೆ, 42 ವರ್ಷ ಯಾರೂ ಅಗೆಯದೆ ಬಿಟ್ಟ ಒಂದು ತುಂಡು ನೆಲ. ಆ ನೆಲವನ್ನೂ ಗೋಧಿಗೆ ಉತ್ತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಧರೆಯ ಪ್ರಶ್ನೆ

ಮಲೆನಾಡಿನ ಬಾಗಿಲು ಜೇಡಗಳ ಆಯುಷ್ಯವನ್ನು ಹೀಗೆ ಅಳೆಯುವ ಕೆಲಸ ಊರುಗಳಲ್ಲಿ ಆರಂಭವಾಗಬೇಕಾಗಿದೆ. ಆದರೆ ಅವುಗಳ ಸ್ವಭಾವ ಗೊತ್ತಿದೆ. ನಿಧಾನವಾಗಿ ಬೆಳೆಯುವ, ಮನೆ ಬಿಡದ, ಮರಿಗಳನ್ನು ದೂರ ಕಳುಹಿಸದ ಜೀವಿಗೆ ಮಣ್ಣು ಕದಲುವುದೇ ಸರ್ವನಾಶ. ಹುಲಿಗೆ ಕಾಡು ಕಡಿಮೆಯಾದರೆ ಅದು ಇನ್ನೊಂದು ಕಾಡಿಗೆ ನಡೆದೀತು. ಹಕ್ಕಿ ಹಾರೀತು. ಬಿಲದ ಜೇಡ ಎಲ್ಲಿಗೂ ಹೋಗಲಾರದು.

ಮಣ್ಣು ಕದಲುವ ಸಂದರ್ಭಗಳು ಎಲ್ಲರಿಗೂ ತಿಳಿದವೇ. ರಸ್ತೆ ಅಗಲವಾಗುತ್ತದೆ, ಧರೆಯನ್ನು ಜೆಸಿಬಿ ಕೆರೆಯುತ್ತದೆ. ಮಳೆಗಾಲಕ್ಕೆ ಮೊದಲು ಚರಂಡಿ ತೆಗೆಯುವಾಗ ಧರೆಯ ಬುಡವನ್ನೂ ಹಾವಸೆಯನ್ನೂ ಒಟ್ಟಿಗೇ ಎಳೆದು ಹಾಕಲಾಗುತ್ತದೆ. ಮನೆ ಕಟ್ಟಲು ಗುಡ್ಡದ ಮಗ್ಗುಲನ್ನು ತಟ್ಟು ಮಾಡಲಾಗುತ್ತದೆ. ತೋಟಕ್ಕೆ ಹೊಸಮಣ್ಣು ಹಾಕಲು ಪಕ್ಕದ ಧರೆಯನ್ನೇ ಕಡಿಯಲಾಗುತ್ತದೆ. ಬೇಸಿಗೆಯಲ್ಲಿ ಬೇಣಕ್ಕೆ ಬಿದ್ದ ಬೆಂಕಿ ತರಗೆಲೆಯನ್ನೂ ಹಾವಸೆಯನ್ನೂ ಸುಟ್ಟು, ಇರುವೆ ಗೆದ್ದಲುಗಳನ್ನೂ ನಾಶಮಾಡುತ್ತದೆ.

ಹಾಗಾದರೆ ರಸ್ತೆ ಬೇಡವೇ, ಚರಂಡಿ ಬೇಡವೇ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದೇ. ಬಸುರಿಯನ್ನು ಆಸ್ಪತ್ರೆಗೆ ಒಯ್ಯಲು ಕಂಬಳಿ ಕಟ್ಟಿ ಹೊತ್ತು ನಡೆದ ಊರುಗಳು ಮಲೆನಾಡಿನಲ್ಲಿವೆ. ಅವರ ಮುಂದೆ ನಿಂತು ಜೇಡಕ್ಕಾಗಿ ರಸ್ತೆ ಬಿಡಿ ಎಂದು ಹೇಳುವುದು ಅನ್ಯಾಯ. ಚರಂಡಿ ಕಟ್ಟಿಕೊಂಡರೆ ನೀರು ರಸ್ತೆಯ ಮೇಲೆ ಹರಿದು ಇನ್ನೊಂದು ಧರೆಯನ್ನು ಕೊರೆಯುತ್ತದೆ ಎಂಬುದೂ ನಿಜ. ಇಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ. ಎಷ್ಟು ಕಡಿಯಬೇಕು? ಎಲ್ಲಿ ಕಡಿಯಬೇಕು? ಚರಂಡಿಯಲ್ಲಿ ತುಂಬಿದ ಮಣ್ಣನ್ನು ತೆಗೆಯುವಾಗ ಧರೆಯ ಮೈಯನ್ನೂ ಕೆರೆಯಬೇಕೇ? ರಸ್ತೆಯ ಎರಡೂ ಬದಿಯನ್ನು ಕಡಿಯುವ ಬದಲು ಒಂದೇ ಬದಿಯಲ್ಲಿ ಅಗಲ ಮಾಡಿದರೆ ಸಾಲದೇ?

ಈ ಪ್ರಶ್ನೆಗಳು ಜೇಡಕ್ಕೆ ಮಾತ್ರ ಸಂಬಂಧಿಸಿದವಲ್ಲ. 2018ರ ಮಳೆಗಾಲದಲ್ಲಿ ಕೊಡಗಿನ ಗುಡ್ಡಗಳು ಕುಸಿದವು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮಗ್ಗುಲಿನ ಗುಡ್ಡ ಕುಸಿದು ಜೀವಗಳು ಹೋದವು. ಬಾಗಿಲು ಜೇಡ ಗುಡ್ಡವನ್ನು ಹಿಡಿದು ನಿಲ್ಲಿಸುತ್ತದೆ ಎಂದು ಯಾರೂ ಹೇಳುವುದಿಲ್ಲ. ಅದು ಅಷ್ಟು ದೊಡ್ಡ ಕೆಲಸ ಮಾಡುವ ಜೀವಿಯಲ್ಲ. ಆದರೆ ಅದು ಒಂದು ಸಾಕ್ಷಿ ಹೇಳುತ್ತದೆ. ದೊಡ್ಡ ಕದ ಇರುವ ಧರೆ ವರ್ಷಾನುಗಟ್ಟಲೆ ಕದಲಿಲ್ಲ ಎಂಬುದೇ ಆ ಸಾಕ್ಷಿ. ಹಲವಾರು ಮಳೆಗಾಲಗಳನ್ನು ತಾಳಿಕೊಂಡು, ಹಾವಸೆ ಹೊದ್ದು, ಬೇರು ಹೆಣೆದುಕೊಂಡು ನೆಲೆನಿಂತ ಮಣ್ಣು ಅದು. ಅಂಥ ಮಣ್ಣನ್ನು ಅಗತ್ಯವಿಲ್ಲದೆ ಕೆದಕಿ ಹಸಿಗಾಯ ಮಾಡುವುದರಿಂದ ಜೇಡಕ್ಕೂ ನಷ್ಟ, ಊರಿಗೂ ನಷ್ಟ.

ಮಾಡಬಹುದಾದ ಕೆಲಸ

ಮೊದಲ ಕೆಲಸ ನೋಡುವುದು. ವಿದ್ಯಾರ್ಥಿಗಳು ಮನೆಯಿಂದ ಶಾಲೆಗೆ ಬರುವ ದಾರಿಯ ಧರೆಗಳನ್ನು ನಿಧಾನವಾಗಿ ನೋಡಬೇಕು. ಹಾವಸೆಯ ಮೇಲೆ ತೆಳುವಾದ ಅರ್ಧಚಂದ್ರದಂಥ ಗೆರೆ ಕಂಡರೆ ಅದು ಕದದ ಅಂಚು ಇರಬಹುದು. ಸಂಜೆಯ ಓರೆ ಬೆಳಕಿನಲ್ಲಿ ಅದು ಚೆನ್ನಾಗಿ ತೋರುತ್ತದೆ. ಒಮ್ಮೆ ಒಂದನ್ನು ಗುರುತಿಸಿದ ಕಣ್ಣಿಗೆ ಅನಂತರ ಹತ್ತು ಕಾಣುತ್ತವೆ. ಕದವನ್ನು ಕಿತ್ತು ನೋಡಬಾರದು, ಬಿಲವನ್ನು ಅಗೆಯಬಾರದು. ಸಾಕುವ ಆಸೆಗೆ, ಮಾರುವ ಆಸೆಗೆ ಜೇಡವನ್ನು ಹಿಡಿಯಲು ಹೊರಗಿನವರು ಬಂದರೆ ಜಾಗವನ್ನು ತೋರಿಸಬಾರದು.

ಎರಡನೆಯ ಕೆಲಸ ಬರೆಯುವುದು. ಒಂದು ನೋಟ್ ಪುಸ್ತಕದಲ್ಲಿ ದಿನಾಂಕ, ಸ್ಥಳ, ಧರೆಯ ದಿಕ್ಕು, ನೆರಳು ಬಿಸಿಲು, ಕದಗಳ ಸಂಖ್ಯೆ, ಅವುಗಳ ಅಗಲ ಇಷ್ಟನ್ನು ಬರೆದಿಡಬಹುದು. ಕದದಿಂದ ಒಂದು ಗೇಣು ದೂರದಲ್ಲಿ ಸಣ್ಣ ಬಿದಿರಿನ ಗೂಟ ನೆಟ್ಟು ಸಂಖ್ಯೆ ಹಾಕಬಹುದು. ಮಳೆಗಾಲದ ಮೊದಲು ಒಮ್ಮೆ, ನಂತರ ಒಮ್ಮೆ ನೋಡಿದರೆ ಸಾಕು. ಏಳನೆಯ ತರಗತಿಯ ಮಕ್ಕಳು ಶಾಲೆ ಬಿಟ್ಟು ಹೋಗುವಾಗ ಆ ಪುಸ್ತಕವನ್ನು ಐದನೆಯ ತರಗತಿಯವರಿಗೆ ಒಪ್ಪಿಸಿ ಹೋಗಬೇಕು. ಬಾರ್ಬರಾ ಅವರಿಂದ ಲಿಯಾಂಡಾ ಅವರಿಗೆ ಬಂದದ್ದು ಇಂಥದೇ ಒಂದು ಪುಸ್ತಕ.

ಮೂರನೆಯದು ಪಂಚಾಯಿತಿಯ ಕೆಲಸ. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಸ್ಥಳೀಯ ಸಂಸ್ಥೆಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಜೀವಿಗಳ ಜನತಾ ದಾಖಲೆಯನ್ನು ಆ ಸಮಿತಿ ಸಿದ್ಧಪಡಿಸಬೇಕು. ಆ ದಾಖಲೆಯಲ್ಲಿ ಮರ, ಔಷಧಿ ಗಿಡ, ಮೀನು, ಭತ್ತದ ತಳಿಗಳ ಜೊತೆಗೆ ಬಾಗಿಲು ಜೇಡ ಇರುವ ಧರೆಗಳ ಪಟ್ಟಿಯೂ ಸೇರಲಿ. ಪಟ್ಟಿಯಲ್ಲಿ ಇದ್ದರೆ, ಕಾಮಗಾರಿಯ ಅಂದಾಜು ಬರೆಯುವ ದಿನ ಕೇಳಲು ಒಂದು ಆಧಾರವಾಗುತ್ತದೆ. ಇಲ್ಲದಿದ್ದರೆ ಯಂತ್ರ ಬಂದು ನಿಂತ ದಿನ ಕೂಗಿ ಪ್ರಯೋಜನವಿಲ್ಲ. ಯಂತ್ರ ನಡೆಸುವ ಹುಡುಗನ ಬಳಿ ಜಗಳವಾಡುವುದಂತೂ ವ್ಯರ್ಥ. ಅವನಿಗೆ ತೋರಿಸಿದ ಗುರುತಿನವರೆಗೆ ಅವನು ಕೆರೆಯುತ್ತಾನೆ. ಗುರುತು ಹಾಕುವವರ ಬಳಿ ಮೊದಲೇ ಮಾತನಾಡಬೇಕು.

ಪಶ್ಚಿಮ ಆಸ್ಟ್ರೇಲಿಯದ ಅದೇ ಗೋಧಿ ಸೀಮೆಯಲ್ಲಿ ಇಡಿಯೋಸೋಮ ನೈಗ್ರಮ್ ಎಂಬ ಇನ್ನೊಂದು ಬಾಗಿಲು ಜೇಡವಿದೆ. ಅದರ ಹೊಟ್ಟೆಯ ಭಾಗ ಗುರಾಣಿಯಂತೆ ಗಟ್ಟಿಯಾಗಿದ್ದು, ಶತ್ರು ಬಂದಾಗ ಅದನ್ನೇ ಬಿಲಕ್ಕೆ ಬಿರಡೆಯಾಗಿ ಇಟ್ಟುಕೊಳ್ಳುತ್ತದೆ. ಆ ಜೇಡವನ್ನು ಅಲ್ಲಿಯ ಸರ್ಕಾರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದೆ. ಜೇಡಕ್ಕೆ ಕಾನೂನಿನ ರಕ್ಷಣೆ ಎಂಬುದು ನಗುವ ಮಾತಲ್ಲ ಎಂಬುದಕ್ಕೆ ಇದು ಉದಾಹರಣೆ. ಆದರೆ ಅಲ್ಲಿ ಅದು ಬಂದದ್ದು ಕಾಡೆಲ್ಲ ಹೊಲವಾದ ಮೇಲೆ. ಮಲೆನಾಡಿನಲ್ಲಿ ಇನ್ನೂ ಸಮಯವಿದೆ.

ಬಂಧುಗಳೆ, ಇಂದು ಸಭೆ ಮುಗಿದು ಮನೆಗೆ ಹೋಗುವಾಗ ಅದೇ ಧರೆಯ ಪಕ್ಕದಲ್ಲಿ ಹೋಗುತ್ತೀರಿ. ಒಂದು ನಿಮಿಷ ನಿಲ್ಲಿ. ಏನೂ ಕಾಣದಿರಬಹುದು. ಆದರೆ ಹೆಜ್ಜೆಯ ಸದ್ದು ಕೇಳಿ ಅಲ್ಲೊಂದು ಕದ ಈಗತಾನೆ ಮುಚ್ಚಿರಬಹುದು. ಅದರ ಹಿಂದಿರುವ ಜೀವ ಇಂದು ಶಾಲೆಗೆ ಬಂದ ಮಕ್ಕಳಿಗಿಂತ ಹಿರಿಯದಾಗಿರಬಹುದು. ನಾಳೆ ಆ ಧರೆಗೆ ಯಾರಾದರೂ ಸುಣ್ಣದ ಗೆರೆ ಎಳೆದರೆ, ಆ ಗೆರೆ ಅಲ್ಲಿಯವರೆಗೆ ಬರಬೇಕಾದ ಅಗತ್ಯವಿದೆಯೇ ಎಂದು ಕೇಳುವವರು ಊರಿನಲ್ಲಿ ಒಬ್ಬರಾದರೂ ಇರಲಿ.